ಮೊಳೆಗೆ ತೂಗಿದ ಗೋಲು

ಎಲ್ಲ ಗಡಿಬಿಡಿಗೂ ಕಾರಣ ಜನವರಿಯ ಒಂದು ರಾತ್ರಿಯ ಹಿಮ. ಮೈದಾನ ಹೆಪ್ಪುಗಟ್ಟಿ ನಿಂತುಹೋದ ಫುಟ್‌ಬಾಲ್ ಪಂದ್ಯವನ್ನು ಲೀಗಿನವರು ಮೇ ತಿಂಗಳ ಶನಿವಾರವೊಂದಕ್ಕೆ ತಳ್ಳಿದರು. ಕ್ಲೆದರ್‌ಶಾ ಊರಿನ ತಂಡದಲ್ಲಿ ಗೋಲು ಹೊಡೆಯುವ ಸ್ಟ್ರೈಕರ್ ಕೀರನ್‌ನ ಮದುವೆಯೂ ಅದೇ ಶನಿವಾರ. ಮದುವೆ ಹುಡುಗಿ ಟ್ಯಾಮ್ಸಿನ್, ಕ್ಲಬ್ಬಿನ ಅಧ್ಯಕ್ಷ ರೆಗ್ ಹೇಡಾಕನ ಮಗಳು.

ಕೋಚ್ ಕ್ಲೈವ್ ಆರ್ಮರಾಡ್ ಬೆಳಿಗ್ಗೆಯೇ, ಪೈ ಎಂಬ ಮಾಂಸದ ಕಡುಬು ಮಾರುವ ರೆಗ್‌ನ ಅಂಗಡಿಗೆ ಓಡಿದ. ಗೆಲ್ಲದಿದ್ದರೆ ತಂಡ ಕೆಳಗಿನ ಲೀಗಿಗೆ ಬೀಳುತ್ತದೆ, ಉಂಗುರ ತೊಡಿಸಿದ ಕೂಡಲೇ ಹುಡುಗನನ್ನು ಬಿಟ್ಟುಕೊಡಿ ಎಂದು ಅಂಗಲಾಚಿದ. ಕೂದಲು ಗುಂಗುರಾಗಲೆಂದು ತಲೆಗೆಲ್ಲ ಸುರುಳಿ ಸುತ್ತಿಕೊಂಡಿದ್ದ ಟ್ಯಾಮ್ಸಿನ್ ಒಳಗಿನಿಂದ ಬಂದಳು.

"ಹೋಗಲಿ ಬಿಡಿ ಕ್ಲೈವ್ ಅಂಕಲ್. ಹೋದೋನು ಆ ಚೆಂಡನ್ನೇ ಕಟ್ಕೊಳ್ಳಲಿ."

ರೆಗ್ ಮಗಳ ಕಡೆ ನೋಡಿದ, ಕ್ಲೈವ್‌ನ ಕಡೆ ನೋಡಿದ. "ನೀನೇ ಇಳಿಯಯ್ಯ. ವರ್ಷಾ ವರ್ಷಾ ಆಟಗಾರರ ಪಟ್ಟಿಯಲ್ಲಿ ನಿನ್ನ ಹೆಸರನ್ನೂ ಬರೆಸ್ತೀಯಲ್ಲ?"

ಬರೆಸುತ್ತಿದ್ದದ್ದು ನಿಜ. ಬರಿಯ ಆಸೆಗೆ. ಕ್ಲೈವ್‌ಗೆ ಐವತ್ತು ದಾಟಿತ್ತು. ಮಂಡಿಗಳು ಹಳೆ ಬಾಗಿಲಿನಂತೆ ಕಿರುಗುಟ್ಟುತ್ತಿದ್ದವು. ಒಂದು ಕಾಲದಲ್ಲಿ ಈ ಊರಿಗಾಗಿ ನೂರಕ್ಕೂ ಮೀರಿ ಗೋಲು ಹೊಡೆದಿದ್ದ. ಆಮೇಲೆ ಅಲ್ಲಿ ಇಲ್ಲಿ ಕೋಚಾಗಿ, ಹೋದಲ್ಲೆಲ್ಲ ಕೆಲಸ ಕಳೆದುಕೊಂಡು ಊರಿಗೆ ಮರಳಿದ್ದ. ಊರಿಗೆ ಮಾತ್ರ ನೆನಪಿದ್ದದ್ದು ಅವನು ಹೊಡೆಯದ ಒಂದೇ ಗೋಲು. ಕಪ್ ಪಂದ್ಯದಲ್ಲಿ, ಬರಿದಾದ ಗೋಲಿನ ಎದುರು ನಿಂತು, ಚೆಂಡನ್ನು ಆಕಾಶಕ್ಕೆ ಒದ್ದಿದ್ದ. ಪತ್ರಿಕೆಯಲ್ಲಿ ಬಂದ ಆ ಮಸುಕು ಚಿತ್ರ ಇಪ್ಪತ್ತೈದು ವರ್ಷಗಳಿಂದ ರೆಗ್‌ನ ಗಲ್ಲಾದ ಮೇಲೆ ತೂಗುತ್ತಿತ್ತು. ಪೈ ಕೊಳ್ಳಲು ಬಂದವರು ಅದನ್ನು ನೋಡಿ ನಗದೆ ಹೋಗುತ್ತಿರಲಿಲ್ಲ.

"ನಾನು ಗೋಲು ಹೊಡೆದರೆ ಅದನ್ನ ಇಳಿಸ್ತೀಯಾ?" ಕ್ಲೈವ್ ಕೇಳಿದ.

"ಇವತ್ತೇ ಇಳಿಸ್ತೀನಿ."

ಬಟ್ಟೆ ಬದಲಿಸುವ ಕೋಣೆಯಲ್ಲಿ ಉಳಿದಿದ್ದದ್ದು ಕೀರನ್‌ನ ಚಡ್ಡಿ ಮಾತ್ರ. ಕ್ಲೈವ್ ಅದರೊಳಕ್ಕೆ ಇಳಿದದ್ದು ದಿಂಬು ಚಿಕ್ಕ ಗವಸಿನೊಳಕ್ಕೆ ಇಳಿದಂತೆ. ಹೆಂಡತಿ ಡೋರೀನ್ ಅವನ ಸುತ್ತ ಒಮ್ಮೆ ಬಂದು ನೋಡಿದಳು. "ಏನು ಬೇಕಾದರೂ ಮಾಡು, ಬಗ್ಗಬೇಡ," ಎಂದಳು.

ಮೊದಲರ್ಧವೆಲ್ಲ ಅವನು ಬಗ್ಗಲಿಲ್ಲ, ಓಡಲೂ ಇಲ್ಲ. ಚೆಂಡು ಎಲ್ಲಿರುವುದಿಲ್ಲವೋ ಅಲ್ಲಿ ಇರುವುದರಲ್ಲಿ ಜಾಣತನ ತೋರಿಸಿದ. ಬೇಲಿಯಾಚೆಯ ಮುದುಕರು ಯಾವ ಕಾಲು ಮುಂದಿಡಬೇಕೆಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಟೀ ಮಾರುವ ಬ್ರೆಂಡಾ ಒಂದು ಕುರ್ಚಿ ಕಳಿಸಲೇ ಎಂದು ವಿಚಾರಿಸಿದಳು.

ಎರಡನೆಯ ಅರ್ಧಕ್ಕೆ ಪಕ್ಕದ ಚರ್ಚಿನಿಂದ ಮದುವೆಯೇ ಮೈದಾನಕ್ಕೆ ಬಂತು. ಈ ತಂಡವೆಂದರೆ ಪ್ರಾಣ ಬಿಡುವ ಪಾದ್ರಿ ಉಪದೇಶವನ್ನು ಅರ್ಧಕ್ಕೇ ಮುಗಿಸಿದ್ದರು. ನೆಂಟರು, ಹೂಗುಚ್ಛ, ಕ್ಯಾಮೆರಾ ಹೊತ್ತ ಫೋಟೋದವನು, ಎಲ್ಲರೂ ಗೋಲಿನ ಹಿಂದೆ ನಿಂತರು. ಟ್ಯಾಮ್ಸಿನ್ ಗಂಡನ ತೋಳನ್ನು ಕಳ್ಳನನ್ನು ಹಿಡಿದಂತೆ ಹಿಡಿದಿದ್ದಳು.

ಇನ್ನೇನು ಆಟ ಮುಗಿಯಬೇಕು, ಎರಡೂ ಕಡೆ ಸೊನ್ನೆ. ಎದುರಾಳಿ ಗೋಲ್‌ಕೀಪರ್ ಚೆಂಡು ಹಿಡಿಯಲು ಮುಂದೆ ನುಗ್ಗಿ ಜಾರಿಬಿದ್ದ. ಚೆಂಡು ಪುಟಿದು ಕ್ಲೈವ್‌ನ ಕಾಲ ಬಳಿ ಬಂತು. ಎದುರಿಗೆ ಬರಿದಾದ ಗೋಲು. ಅದೇ ಜಾಗ. ಊರೆಲ್ಲ ಉಸಿರು ಹಿಡಿಯಿತು. ರೆಗ್ ಕಣ್ಣು ಮುಚ್ಚಿಕೊಂಡ.

ಕ್ಲೈವ್ ಒದ್ದ. ಚೆಂಡು ಗೋಲಿನ ಕಂಬಕ್ಕೆ ಬಡಿದು ಪಕ್ಕಕ್ಕೆ ಪುಟಿಯಿತು. ಅವಮಾನಕ್ಕೆ ಅವನು ಬೆನ್ನು ತಿರುಗಿಸಿ, ಮುಖ ಮುಚ್ಚಿಕೊಂಡು, ಬಗ್ಗಿಬಿಟ್ಟ. ಚಡ್ಡಿ ಪರ್ ಎಂದಿತು. ಅದೇ ಗಳಿಗೆಗೆ ಗೋಲಿನ ಪಕ್ಕದಿಂದ ಓಡಿಬಂದ ಸಹ ಆಟಗಾರ ಆ ಚೆಂಡನ್ನು ಬಲವಾಗಿ ಒದ್ದ, ಗುರಿ ತಪ್ಪಿತು. ಅದು ಅಡ್ಡಾದಿಡ್ಡಿ ಹೋಗಿ ಕ್ಲೈವ್‌ನ ಹಿಂಭಾಗಕ್ಕೆ ಬಡಿದು, ದಿಕ್ಕು ಬದಲಿಸಿ, ಮೆಲ್ಲಗೆ ಉರುಳಿ ಬಲೆ ಸೇರಿತು.

ಆಮೇಲೆ ಕ್ಲೈವ್‌ಗೆ ನೆನಪಿದ್ದದ್ದು ತಾನು ಯಾರದೋ ಹೆಗಲ ಮೇಲಿದ್ದದ್ದು, ಪಾದ್ರಿ ಕುಣಿದದ್ದು, ಮದುಮಗಳು ತನ್ನ ಬೋಳುತಲೆಗೆ ಮುತ್ತಿಟ್ಟದ್ದು. ತಂಡ ಉಳಿಯಿತು.

ಸಂಜೆ ಅಂಗಡಿಯಲ್ಲೇ ಮದುವೆಯ ಔತಣ. ರೆಗ್ ಮಾತು ಉಳಿಸಿಕೊಂಡ. ಎಲ್ಲರೆದುರು ಸ್ಟೂಲು ಹತ್ತಿ ಹಳೆಯ ಚಿತ್ರವನ್ನು ಇಳಿಸಿದ. ಬರಿಯ ಮೊಳೆ ನೋಡಿ ಕ್ಲೈವ್‌ನ ಕಣ್ಣು ಒದ್ದೆಯಾಯಿತು. ಡೋರೀನ್ ಅವನ ಕೈ ಹಿಡಿದುಕೊಂಡಳು.

"ಮೊಳೆ ಖಾಲಿ ಇರಬಾರದಲ್ಲ," ಎಂದ ರೆಗ್. ಫೋಟೋದವನು ಕಂಕುಳಿನಿಂದ ಇನ್ನೊಂದು ಚಿತ್ರ ತೆಗೆದು ಕೊಟ್ಟ, ರೆಗ್ ಅದನ್ನು ಮೊಳೆಗೆ ತೂಗಿ ಕೆಳಗಂಚು ಹಿಡಿದುಕೊಂಡ. ಹಳೆಯದರ ನಾಲ್ಕು ಪಟ್ಟು ದೊಡ್ಡದು, ಬಣ್ಣದ್ದು, ಮದುವೆಯ ಕ್ಯಾಮೆರಾದ್ದಾದ್ದರಿಂದ ಹುಲ್ಲಿನ ಎಳೆ ಎಳೆಯೂ ಸ್ಪಷ್ಟ. ನಡುವೆ ಚೆಂಡು, ಹರಿದ ಚಡ್ಡಿ, ಅದರೊಳಗೆ ಡೋರೀನ್ ಕೊಡಿಸಿದ್ದ ಹೂಹೂವಿನ ಒಳಚಡ್ಡಿ.

ಅಂಗಡಿ ಬಿದ್ದು ಬಿದ್ದು ನಕ್ಕಿತು. ಕ್ಲೈವ್ ಸ್ವಲ್ಪ ಹೊತ್ತು ಅದನ್ನೇ ದಿಟ್ಟಿಸಿದ. ನಿಧಾನವಾಗಿ ಅವನ ಮುಖವೂ ಅರಳಿತು.

"ಇದರಲ್ಲಿ ಚೆಂಡು ಒಳಗಾದರೂ ಹೋಗ್ತಿದೆ," ಎಂದ. "ಜೊತೆಗೆ ನನ್ನ ಮುಖ ಕಾಣ್ತಿಲ್ಲ. ನಾನೇ ಅಂತ ಯಾರಿಗೆ ಗೊತ್ತಾಗುತ್ತೆ?"

"ನಾನೂ ಅದನ್ನೇ ಯೋಚಿಸಿದೆ," ಎಂದ ರೆಗ್, ಚಿತ್ರದ ಕೆಳಗಂಚಿಗೆ ಹಿಡಿದಿದ್ದ ಕೈ ತೆಗೆಯುತ್ತಾ. "ಅದಕ್ಕೇ ಹೆಸರು ಬರೆಸಿದೀನಿ."