ಮಲ್ಲಣ್ಣನ ದನಿ, ಮಾವನ ಗೇರ್‌ಬಾಕ್ಸು

ತಪ್ಪು ನನ್ನದೇ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ನೀವು ಆರಾಮವಾಗಿ ಓದಬಹುದು. ನನಗೆ ಬರುತ್ತಿದ್ದ ಒಂದೇ ವಿದ್ಯೆ ಇನ್ನೊಬ್ಬರ ಹಾಗೆ ಮಾತಾಡುವುದು. ಬನ್ನೂರು ಬಸ್ಸಿನ ಕಂಡಕ್ಟರು, ಹೈಸ್ಕೂಲಿನ ಹೆಡ್‌ಮಾಸ್ಟರು, ಸೀನು ತಡೆದುಕೊಂಡು ಮಂತ್ರ ಹೇಳುವ ಪುರೋಹಿತರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಯಿಲ್ಲದೆ ವಾಸವಾಗಿದ್ದರು. ಸ್ವಂತ ದನಿಯೂ ಒಂದಿತ್ತು. ಅದರಲ್ಲಿ ಹೇಳಿದ್ದನ್ನು ಮಾತ್ರ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ಟಿ. ನರಸೀಪುರದಲ್ಲಿ ಮೇಷ್ಟರಾಗಿದ್ದ ನನ್ನ ಸೋದರಮಾವನಿಗೆ ಚಿಕ್ಕಂದಿನ ಪೋಲಿಯೋದಿಂದ ಎಡಗಾಲು ಸೊರಗಿತ್ತು. ಕ್ಲಚ್ ತುಳಿಯುವುದು ಆಗದ ಮಾತು. ತೊಂಬತ್ತರ ದಶಕದ ಕೊನೆಯಲ್ಲಿ ಎಲ್ಲಿಂದಲೋ ಹುಡುಕಿ, ತಾನೇ ಗೇರು ಬದಲಿಸಿಕೊಳ್ಳುವ ಹಳೆಯ ಕಾರೊಂದನ್ನು ತಂದರು. ಲಕ್ಷ ದಾಟಿ ಎಷ್ಟು ಕಿಲೋಮೀಟರ್ ಓಡಿತ್ತೋ, ಅದರ ಮೀಟರಿಗೇ ನೆನಪಿರಲಿಲ್ಲ. ಆದರೂ ಅದು ಬಂದ ಮೇಲೆ ಮಾವ ನಮ್ಮೂರು ಸೋಸಲೆಯಿಂದ ಶಾಲೆಗೆ ಯಾರ ಸ್ಕೂಟರಿನ ಹಿಂದೆಯೂ ಕೂರಬೇಕಾಗಲಿಲ್ಲ. ಆ ಸ್ಕೂಟರು ನನ್ನದಾಗಿದ್ದರಿಂದ ನನಗೂ ಬಿಡುಗಡೆ.

ಒಂದು ಶನಿವಾರ ಮಾವನಿಗೆ ಗೇರ್‌ಬಾಕ್ಸಿನ ಎಣ್ಣೆಯ ಚಿಂತೆ ಹತ್ತಿತು. ಇಷ್ಟು ಓಡಿದ ಗಾಡಿಗೆ ಎಣ್ಣೆ ಬದಲಾಯಿಸಬೇಕೋ, ಇದ್ದ ಹಾಗೇ ಬಿಡಬೇಕೋ? "ನಾಳೆ ನಂಜನಗೂಡಿಗೆ ಹೋಗಿ ಮೆಕ್ಯಾನಿಕ್ ಮಲ್ಲಣ್ಣನ್ನ ಕೇಳ್ಕೊಂಡು, ಹಾಗೇ ಮೈಸೂರಿಂದ ಎಣ್ಣೆ ತಗೊಂಡ್ ಬಾರೋ" ಎಂದರು. ನಾಳೆ ಕ್ರಿಕೆಟ್ ಫೈನಲ್! ಮರುದಿನ ನಂಜನಗೂಡಿನ ಕಡೆ ತಲೆಯನ್ನೂ ಹಾಕದೆ, ಮ್ಯಾಚು ಮುಗಿಸಿಕೊಂಡು ಸಂಜೆ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಹೋದೆ. ಬಾಯ್ತುಂಬ ಎಲೆಯಡಿಕೆ ಇಟ್ಟುಕೊಂಡೇ ಮಾತಾಡುವ ಮಲ್ಲಣ್ಣನಂತೆ ಕೆನ್ನೆ ಉಬ್ಬಿಸಿ ಮಾವನಿಗೆ ಫೋನ್ ಮಾಡಿದೆ.

"ಸಾ, ಮಲ್ಲಣ್ಣ ಕಣ್ ಸಾ. ನಿಮ್ ಉಡ್ಗ ಬಂದಿದ್ದ. ಒಳ್ಳೇ ಉಡ್ಗ. ಆ ಎಣ್ಣೆ ಮುಟ್‌ಬ್ಯಾಡಿ. ಗಾಡಿ ಜೊತೇಲೇ ಉಟ್ಟಿರೋ ರಕ್ತ ಅದು. ಯಾರಾರಾ ರಕ್ತ ಬದ್ಲಾಯ್ಸ್ತಾರಾ?"

ಮಾವ ನಂಬಿದರು. ವರ್ಷ ಕಳೆಯುವುದರೊಳಗೆ ಕಾರು, ಬೋರ್ಡಿನ ಹತ್ತಿರ ಕರೆಸಿಕೊಂಡ, ಉತ್ತರ ಗೊತ್ತಿಲ್ಲದ ಹುಡುಗನ ಹಾಗೆ, ಹೊರಡುವ ಮುಂಚೆ ಯೋಚಿಸತೊಡಗಿತು. ಒಂದು ದಿನ ಸಣ್ಣ ಏರಿನಲ್ಲಿ ಎಂಜಿನ್ ಅರಚಿತೇ ಹೊರತು ಚಕ್ರ ಮುಂದಕ್ಕೆ ಹೋಗಲಿಲ್ಲ. "ಇದು ನಿಂತ್ರೆ ನಾನೂ ನಿಂತಂಗೇ ಕಣೋ" ಎಂದರು ಮಾವ, ಕಾಲು ನೋಡಿಕೊಂಡು. ನನ್ನ ಗಂಟಲಿನ ಬಾಡಿಗೆದಾರರೆಲ್ಲ ಒಮ್ಮೆಗೇ ಸುಮ್ಮನಾದರು.

ಹೇಗೋ ನಂಜನಗೂಡು ಮುಟ್ಟಿದೆವು. ಮಲ್ಲಣ್ಣ ಅಳತೆಯ ಕಡ್ಡಿ ಎಳೆದು, ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ ಮೂಸಿದ. ಕೆಂಪಗಿರಬೇಕಾದದ್ದು ಕಪ್ಪಾಗಿ ಸೀದ ವಾಸನೆ ಹೊಡೆಯುತ್ತಿತ್ತು.

"ಇಷ್ಟ್ ದಿನ ಯಾಕ್ ಸಾ ಬುಟ್ರಿ?"

"ನೀವೇ ಫೋನ್ ಮಾಡಿ ಮುಟ್ಟಬೇಡಿ, ಅದು ರಕ್ತ ಅಂದ್ರಲ್ಲ ಮಲ್ಲಣ್ಣ!"

"ನಾನಾ? ನಿಮ್ ನಂಬರ್ರೇ ನನ್ ತಾವಿಲ್ವಲ್ಲ ಸಾ!"

ಇಬ್ಬರೂ ನನ್ನ ಕಡೆ ತಿರುಗಿದರು. ಒಪ್ಪಿಕೊಂಡೆ. ನನ್ನ ಸ್ವಂತ ದನಿಯನ್ನು ಜನ ಕೊನೆಯತನಕ ಕೇಳಿದ್ದು ಅದೇ ಮೊದಲು.

"ಈಗ ಒಂದೇ ಸಲಕ್ಕೆ ಪೂರ್ತಿ ಬದ್ಲಾಯ್ಸಿದ್ರೆ ಗೇರು ಜಾರ್ಬುಡ್ತದೆ ಸಾ. ಅರ್ಧ ತಗ್ದು ಅರ್ಧ ಉಯ್ಯಾದು, ಓಡ್ಸಾದು, ತಿರ್ಗಾ ಅಂಗೇ. ಉಳುದ್ರೆ ಉಳೀತು" ಎಂದ ಮಲ್ಲಣ್ಣ, "ಲೇ ಉಡ್ಗಾ, ಎಣ್ಣೆ ತಕಂಬಾ. ಆಮೇಲೆ ಗಾಡಿ ಕೆಳಿಕ್ ನುಗ್ಗು" ಎಂದು ನನಗೆ ಕೆಲಸ ಹಚ್ಚಿದ.

ಮೂರು ವಾರ, ಮೂರು ಸಲ ನುಗ್ಗಿದೆ. ಮೂರನೆಯ ಸಲ ಕಾರು ಯೋಚನೆ ಬಿಟ್ಟು ಹೊರಟಿತು. ಮಾವ ನನ್ನನ್ನು ಹತ್ತಿಸಿಕೊಳ್ಳದೆಯೇ ಒಂದು ಸುತ್ತು ಹೋದರು. ಹಣೆಯ ಎಣ್ಣೆ ಒರೆಸಿಕೊಳ್ಳುತ್ತಾ ನಾನು ತೀರ ವಿನಯದಿಂದ ಕೇಳಿದೆ: "ಇನ್ನು ಮುಂದೆ ಯಾವಾಗ ಬದಲಾಯಿಸಬೇಕು ಮಲ್ಲಣ್ಣ?"

ಅಲ್ಲಿಯವರೆಗೆ ನನ್ನನ್ನು ಲೇ ಎನ್ನುತ್ತಿದ್ದವನು ಎರಡೂ ಕೈ ಮುಗಿದ.

"ನೀವೇ ಯೋಳ್ಬುಡಿ ಸಾ, ನನ್ ದನೀಲಿ."