ಕಥಾವಸ್ತು ಬಿಡಿಸಲು ಹೋದಾಗ

ಹಳೆಯ ಕಾದಂಬರಿಯೊಂದರ ಕಥಾವಸ್ತುವನ್ನು ಮಕ್ಕಳಿಗೆ ಬಿಡಿಸಿ ಹೇಳುವುದೇ ನನ್ನ ಹೊಟ್ಟೆಪಾಡು. ಅತಿಥಿ ಉಪನ್ಯಾಸಕನಾದ್ದರಿಂದ ಒಂದು ವರ್ಷ ಹೊಳೆನರಸೀಪುರವಾದರೆ ಇನ್ನೊಂದು ವರ್ಷ ಅರಕಲಗೂಡು. ಕಾಲೇಜು ಬದಲಾದರೂ ಪಠ್ಯ ಮಾತ್ರ ಅದೇ: ಅಪ್ಪ ಸತ್ತ ಮೇಲೆ ಅಣ್ಣತಮ್ಮಂದಿರು ಜಮೀನಿಗೆ ಕಿತ್ತಾಡುವ ಕಥೆ. ಅದನ್ನು ಬಿಡಿಸಲು ಹೋಗಿ ನಾನೇ ಸಿಕ್ಕಿಹಾಕಿಕೊಳ್ಳುವುದು ಯಾವ ಊರಲ್ಲೂ ತಪ್ಪಿಲ್ಲ.

೧. ಹೊಳೆನರಸೀಪುರ

"ಈ ಕಾದಂಬರಿಯ ಸಂಘರ್ಷದ ಮೂಲ ಯಾವುದು?" ಎಂದು ಕೇಳಿದೆ. ಹಿರಿಮಗನ ದುರಾಸೆ, ಬದಲಾಗುತ್ತಿದ್ದ ಕಾಲ, ಹೀಗೇನಾದರೂ ಉತ್ತರ ಬಂದೀತು ಎಂದುಕೊಂಡಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

"ಸಾ, ಜಮೀನ್ ಖಾತೆ ಯಾರ್ ಎಸ್ರಲ್ಲೈತೆ?"

"ಅದನ್ನ ಕಾದಂಬರೀಲಿ ಹೇಳಿಲ್ಲಪ್ಪ."

"ಅದೇ ಸಾ ಮೂಲ. ಅವ್ರಪ್ಪ ಸಾಯಕ್ ಮುಂಚೆ ಒಂದ್ ವಿಭಾಗಪತ್ರ ರಿಜಿಸ್ಟರ್ ಮಾಡ್ಸಿದ್ರೆ ಎರಡ್ನೇ ಅಧ್ಯಾಯಕ್ಕೇ ಮುಗ್ದೋಗ್ತಿತ್ತು. ನಾವೂ ಇಷ್ಟ್ ಓದೋದು ತಪ್ತಿತ್ತು."

ಇಡೀ ತರಗತಿ ಗಂಭೀರವಾಗಿ ತಲೆಯಾಡಿಸಿತು.  

೨. ಅರಕಲಗೂಡು ಬಸ್ಸು

ಹಾಸನದಿಂದ ಅರಕಲಗೂಡಿಗೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಗೆಳೆಯರೊಬ್ಬರು ಫೋನ್ ಮಾಡಿ ಕಾದಂಬರಿಯ ಬಗ್ಗೆ ನನ್ನ ಅಭಿಪ್ರಾಯ ಕೇಳಿದರು. "ಪ್ಲಾಟ್ ಶುರುವಿನಲ್ಲಿ ಚೆನ್ನಾಗಿದೆ. ಮಧ್ಯದಲ್ಲಿ ತುಂಬಾ ಸಡಿಲ" ಎಂದೆ.

ಫೋನ್ ಇಡುತ್ತಿದ್ದಂತೆ ಪಕ್ಕದ ಸೀಟಿನ ಯಜಮಾನರು ಹತ್ತಿರ ಸರಿದರು.

"ಎಲ್ ಸಾ, ಬೂವನಹಳ್ಳಿ ತಾವಾ? ಏರ್‌ಪೋರ್ಟ್ ಬತ್ತದೆ ಅಂತ ಸಿಕ್ಕಿದ್ದೆಲ್ಲಾ ಸೈಟ್ ಮಾಡಿ ಮಾರ್ತಾವ್ರೆ. ಮಧ್ಯ ಸಡ್ಲ ಅಂದ್ರೆ ಕೆರೆ ಮುಚ್ಚಿರೋ ಜಾಗ. ತಗೋಬ್ಯಾಡಿ."

"ಆ ಪ್ಲಾಟ್ ಅಲ್ಲ ಯಜಮಾನ್ರೆ, ಕಾದಂಬರೀದು."



"ಕಾದಂಬರಿ ಲೇಔಟಾ? ಅದ್ಯಾವ್ ಕಡೆ ಬತ್ತದೆ ಸಾ?"

೩. ಹಾಸನ

ಕಿರುಪರೀಕ್ಷೆಯಲ್ಲಿ "ಕಥಾವಸ್ತುವನ್ನು ವಿಶ್ಲೇಷಿಸಿ" ಎಂದು ಕೊಟ್ಟಿದ್ದೆ. ಒಬ್ಬ ಬರೆದಿದ್ದ: "ಕಥಾವಸ್ತುವನ್ನು ನಮ್ಮ ಸರ್ ಬಹಳ ಚೆನ್ನಾಗಿ ವಿಶ್ಲೇಷಿಸಿದ್ದಾರೆ. ಆ ದಿನ ನಾನು ಬಂದಿರಲಿಲ್ಲ."

೪. ಚನ್ನರಾಯಪಟ್ಟಣ

ದಂಡಿಗನಹಳ್ಳಿ ಕಡೆಯ ಹುಡುಗಿಯೊಬ್ಬಳು ಕಾದಂಬರಿಯನ್ನು ಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದಳಂತೆ. ಪಕ್ಕದಲ್ಲಿ ಕೂತು ಅವಳಜ್ಜಿಯೂ ಕೇಳುತ್ತಿದ್ದರಂತೆ. ಕೊನೆಯ ಪುಟದಲ್ಲಿ ಅಣ್ಣನಾದವನು ತಮ್ಮನ ಬಸುರಿ ಹೆಂಡತಿಯನ್ನು ಮಳೆಯಲ್ಲಿ ಮನೆಯಿಂದಾಚೆ ಹಾಕುತ್ತಾನೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಅಜ್ಜಿಗೆ ಮುಗಿಯಲಿಲ್ಲ. ಒಂದು ದಿನ ಮೊಮ್ಮಗಳ ಜೊತೆ ನೇರ ಕಾಲೇಜಿಗೇ ಬಂದರು.

"ನೀವೇನಾ ಆ ಕತೆ ಏಳ್ಕೊಡೋರು? ಆ ಎಣ್ಮಗ ಆಮೇಲೆ ಎಲ್ಲಿಗ್ ಓದ್ಲು? ತವ್ರಿಗಾರಾ ಸೇರ್ಕಂಡ್ಲಾ?"

"ಅದನ್ನ ಹೇಳಿಲ್ಲ ಅಜ್ಜಿ. ಓದಿದವರೇ ಊಹಿಸ್ಕೋಬೇಕು."

"ಊಯಿಸ್ಕೊಂಡೇ ನಂಗೆ ಗಂಟ್ಲಲ್ಲಿ ಅನ್ನ ಇಳೀತಿಲ್ಲ."

"ನಿಜ ಸಾ, ಮನೇಲಿ ಸರ್ಯಾಗ್ ಊಟಾನೇ ಮಾಡ್ತಿಲ್ಲ" ಎಂದಳು ಮೊಮ್ಮಗಳು. ಅವಳ ಕಣ್ಣು ತುಂಬಿತ್ತು. ನನಗೂ ಗಾಬರಿಯಾಯಿತು. ಮಗು ಸುಖವಾಗಿ ಹುಟ್ಟಿತು, ತಾಯಿಯೂ ಚೆನ್ನಾಗಿದ್ದಾಳೆ ಎಂದು ನಾನೇ ಹೇಳಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಅಜ್ಜಿಯೇ ದಾರಿ ತೋರಿಸಿದರು.

"ನಿಮ್ಗ್ ಗೊತ್ತಿಲ್ದಿದ್ರೆ ಬುಡಿ. ಬರ್ದೋನ್ ತಾವ್ಕೆ ಕರ್ಕೊಂಡೋಗಿ. ಅವನ್ನೇ ಕೇಳ್ತೀನಿ."

"ಬರೆದವರು ತೀರಿಹೋಗಿ ಬಹಳ ವರ್ಷ ಆಯ್ತು ಅಜ್ಜಿ."

ಅಜ್ಜಿ ಇನ್ನಷ್ಟು ನೊಂದುಕೊಂಡರೇನೋ ಎಂದು ಹೆದರಿದೆ. ಅವರ ಹಣೆಯ ಗಂಟು ಮೆಲ್ಲಗೆ ಸಡಿಲವಾಯಿತು.

"ಮತ್ತೆ? ಬಸ್ರಿ ಒಟ್ಟೆ ಉರ್ಸಿದ್ರೆ ಅವ್ಳ ಶಾಪ ಬರ್ದೋನ್ನ ಸುಮ್ಕೆ ಬುಟ್ಟದಾ?" ಎಂದವರು ಮೊಮ್ಮಗಳ ಕಡೆ ತಿರುಗಿದರು. "ನಡಿ ಮಗ, ಎಲ್ಲಾರಾ ಊಟ ಮಾಡನ."