ಚೆಂಬಿನ ಅಳತೆಯ ಟೋಪಿ

ಈ ಜುಮ್ಮಾಕ್ಕೆ ತನ್ನ ಟೋಪಿಯನ್ನು ತಾನೇ ಒಗೆದು, ತಾನೇ ಗಂಜಿ ಹಾಕಿ, ನವಾಬನಂತೆ ಮಸೀದಿಗೆ ಹೋಗುವುದಾಗಿ ಹೊನ್ನೂರಸಾಬ್ ಗುರುವಾರ ಸಂಜೆಯೇ ಘೋಷಿಸಿದ. ಯಶವಂತನಗರದ ಗಣಿಗೆ ಕಂಪನಿ ಬಸ್ಸು ಓಡಿಸುವವನು. ಮೈಯೆಲ್ಲ ಸೋತು ಚಿತ್ತವಾಡ್ಗಿಯ ಮನೆ ಸೇರುವಷ್ಟರಲ್ಲಿ ಅದಿರಿನ ಧೂಳಿಗೆ ಅವನೂ ಕೆಂಪು, ಅವನ ಬಿಳಿ ಟೋಪಿಯೂ ಕೆಂಪು.

ಮರುದಿನ ಮಗಳು ಶಾಹಿನಾಳನ್ನು ನೋಡಲು ಕಂಪ್ಲಿಯಿಂದ ಗಂಡಿನವರು ಬರುವವರಿದ್ದರು. ಹಿಂದೆ ಬಂದವರು ಮನೆ ಚಿಕ್ಕದೆಂದು ಮೂಗು ಮುರಿದು ಹೋದಾಗಿನಿಂದ ಹುಡುಗಿ ನಗುವುದನ್ನೇ ಬಿಟ್ಟಿದ್ದಳು. ಅಪ್ಪನಿಗೆ ಅದೊಂದೇ ಸಂಕಟ. ಈ ಸಲ ಯಾವುದರಲ್ಲೂ ಕೊರತೆ ಕಾಣಬಾರದಿತ್ತು.

ಹೆಂಡತಿ ಮಾಬುನ್ನಿ ಪ್ರತಿ ವಾರ ಆ ಹೆಣಿಗೆ ಟೋಪಿಗೆ ತೆಳ್ಳನೆಯ ಗಂಜಿ ಹಾಕಿ, ಬೋರಲಿಟ್ಟ ತಾಮ್ರದ ಚೆಂಬಿನ ಮೇಲೆ ಒಣಗಿಸುತ್ತಿದ್ದಳು.

“ಚೆಂಬಿನ ಮ್ಯಾಲೇ ಹಾಕ್ರಿ. ಅದು ನಿಮ್ಮ ತಲಿ ಅಳತಿದು,” ಎಂದಳು.

ಟೋಪಿ ಒಣಗಿಸಲು ಇಂಜಿನಿಯರ್ ಬೇಕೇನು ಎಂದುಕೊಂಡ ಅವನು ಕೈಗೆ ಸಿಕ್ಕ ದೊಡ್ಡ ಹಾಲಿನ ಪಾತ್ರೆಗೆ ಟೋಪಿ ತೊಡಿಸಿ, ಅನ್ನ ಬಸಿದ ಗಂಜಿಯನ್ನೆಲ್ಲ ಮೇಲೆ ಸುರಿದು ಮಲಗಿಬಿಟ್ಟ.

ಬೆಳಗ್ಗೆ ಟೋಪಿ ಪಾತ್ರೆಯನ್ನು ಬಿಡಲೊಲ್ಲದು. ಎಳೆದ, ತಟ್ಟಿದ, ಚಮಚದಿಂದ ಮೀಟಿದ. ಬರುವವರಿಗೆ ಮಾಡುವ ಶಾವಿಗೆಯ ಸುರಕುಂಬಾಕ್ಕೆ ಹಾಲು ಕಾಯಿಸಲು ಅದೇ ಪಾತ್ರೆ ಬೇಕೆಂದು ಮಾಬುನ್ನಿ ಕಾದು ನಿಂತಿದ್ದಳು. ಬಿಸಿನೀರು ಸುರಿದ ಮೇಲೆ ಟೋಪಿ ಬಿಟ್ಟಿತು. ತಲೆಗೆ ಹಾಕಿಕೊಂಡರೆ ಹುಬ್ಬು ದಾಟಿ ಮೂಗಿನ ಮೇಲೆ ಬಂದು ಕುಳಿತಿತು.

ಟೋಪಿ ಮರೆತು ಬಂದವರಿಗೆಂದು ಮಸೀದಿಯ ಬಾಗಿಲಲ್ಲಿ ಒಂದು ಬುಟ್ಟಿ ತುಂಬ ಪ್ಲಾಸ್ಟಿಕ್ ಟೋಪಿಗಳಿರುತ್ತಿದ್ದವು. ಅವನ್ನು ಹಾಕಿಕೊಂಡವರನ್ನು ಕಂಡು ಹೊನ್ನೂರಸಾಬ್ ಎಷ್ಟೋ ವರ್ಷ ನಕ್ಕಿದ್ದ. ಇಂದು ತಲೆ ತಗ್ಗಿಸಿ ಅದರಲ್ಲೇ ಒಂದನ್ನು ಎತ್ತಿಕೊಂಡ. ನಮಾಜು ಮುಗಿಸಿ ಪರಿಚಯದವರೊಡನೆ ಮಾತಾಡುತ್ತ ನಿಂತಿದ್ದಾಗ ಬೀಗರಾಗುವವರು ಬಂದಿದ್ದಾರೆಂದು ಮನೆಯಿಂದ ಫೋನು ಬಂತು. ಓಡಿದ. ತಲೆಯ ಮೇಲಿನದು ನೆನಪಾದದ್ದು ಹೊಸ್ತಿಲು ದಾಟಿದ ಮೇಲೆ. ಈ ಸಂಬಂಧವೂ ಹೋಯಿತೆಂದುಕೊಂಡ.

ಕುರ್ಚಿಯಲ್ಲಿ ಗಂಡಿನ ತಂದೆ ಬುಡೇನ್‌ಸಾಬ್ ಕುಳಿತಿದ್ದರು. ಅವರೂ ದಾರಿಯಲ್ಲಿ ಅದೇ ಮಸೀದಿಗೆ ಹೋಗಿದ್ದರು. ಅವರ ತಲೆಯ ಮೇಲೂ ಅದೇ ಪ್ಲಾಸ್ಟಿಕ್ ಟೋಪಿ!

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

“ನೀವೂ ನಿಮ್ಮ ಟೋಪಿ ನೀವ ಒಗದ್ರೇನ್ರಿ?” ಬುಡೇನ್‌ಸಾಬ್ ಮೆಲ್ಲಗೆ ಕೇಳಿದರು.

“ಹೂನ್ರಿ. ಹಾಲಿನ ಪಾತ್ರಿ ಮ್ಯಾಲೆ ಒಣಗಿಸಿದೆ.”

“ನಾನು ಕುಕ್ಕರ್ ಮ್ಯಾಲೆ.”

ಚಹಾ ತಂದ ಶಾಹಿನಾ ತಡೆಯಲಾರದೆ ನಕ್ಕಳು. ತಂದೆಯ ಪಕ್ಕ ಕುಳಿತಿದ್ದ ಹುಡುಗನೂ ನಕ್ಕ. ಮನೆಯ ಅಳತೆಯನ್ನು ಯಾರೂ ಕೇಳಲಿಲ್ಲ, ಮಾತು ಪಕ್ಕಾ ಆಯಿತು. ಬುಡೇನ್‌ಸಾಬರು ಮಸೀದಿಯ ಟೋಪಿಯನ್ನು ಹೊನ್ನೂರಸಾಬನ ಕೈಗಿತ್ತು, ತಲೆಗೆ ಕರವಸ್ತ್ರ ಕಟ್ಟಿಕೊಂಡು ಕಂಪ್ಲಿ ಬಸ್ಸು ಹತ್ತಿದರು.

ಎರಡೂ ಟೋಪಿ ಮಸೀದಿಗೆ ಕೊಟ್ಟು, ಹಾಗೇ ಬಜಾರಿನಿಂದ ಹೊಸದೊಂದು ತರಬೇಕೆಂದು ಮಾಬುನ್ನಿಯ ಅಪ್ಪಣೆಯಾಯಿತು. ಭಾಳ ಸುಸ್ತಾಗೈತಿ, ಒಂದು ಗಳಿಗೆ ದಿಂಬಿಗೆ ತಲೆ ಇಡುತ್ತೇನೆ ಎಂದು ಹೊನ್ನೂರಸಾಬ್ ಗೋಗರೆದ.

“ತಲಿ ಇಲ್ಲೇ ಇಟ್ಟು ಹೋಗ್ರಿ,” ಎಂದು ಅವಳು ತಾಮ್ರದ ಚೆಂಬನ್ನು ಅವನ ಕೈಗಿಟ್ಟಳು. “ಅಳತಿಗೆ ಇದು ಸಾಕು.”